ಕಾಲಡಿಯ ಕಲ್ಲು, ಆಕಾಶದ ಗ್ರಹ
(ಸಂಘದ ರಾತ್ರಿಶಾಲೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಪಾಳಿಗಳ ಮಾತು ಬಿಟ್ಟು ಈ ರಾತ್ರಿ ಗ್ರಹಗಳ ಮಾತೇಕೆ ಎಂದು ಕೆಲವರು ಕೇಳಿದ್ದಾರೆ. ಗ್ರಹವೆಂದರೆ ಜಾತಕದಲ್ಲಿ ಕಾಡುವ ಶನಿ, ಕುಜ ಎಂದಷ್ಟೇ ಕೇಳಿ ಬೆಳೆದವರು ನಾವು. ಆ ಕುಜನನ್ನೇ, ಅಂದರೆ ಮಂಗಳನನ್ನೇ, ವಿಜ್ಞಾನಿಗಳು ಕಲ್ಲಿನ ಮೂಲಕ ಓದುತ್ತಿದ್ದಾರೆ. ಅದರ ಮೊದಲ ಪಾಠ ನಮ್ಮ ಮುಂಬಯಿಯ ನೆಲದಲ್ಲೇ ಇದೆ.

ಅಂಧೇರಿಯಲ್ಲಿ ದುಡಿಯುವವರು ಗಿಲ್ಬರ್ಟ್ ಹಿಲ್ ಎಂಬ ಕರಿಯ ಗುಡ್ಡವನ್ನು ಬಲ್ಲಿರಿ. ಸುಮಾರು 200 ಅಡಿ ಎತ್ತರ, ನೆತ್ತಿಯ ಮೇಲೆ ದೇವಿಯ ಗುಡಿ. ಅದರ ಮೈ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗಿದೆ. ಯಾರೂ ಕೆತ್ತಿದ್ದಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿದ ಲಾವಾರಸ ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಕೆರೆ ಬತ್ತಿದಾಗ ಕೆಸರು ಬಿರಿಯುವುದಿಲ್ಲವೇ, ಹಾಗೆ. ಆ ಬಿರುಕುಗಳು ಆಳಕ್ಕೆ ಇಳಿದು ಕಂಬಗಳಾದವು. ಉಡುಪಿ ಕಡೆಯವರು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಿದ್ದರೆ ಇಂಥವೇ ಕಂಬಗಳನ್ನು ಕಂಡಿರುತ್ತೀರಿ. ಅಲ್ಲಿಯ ಕಲ್ಲಿನ ಜಾತಿ ಬೇರೆ, ವಯಸ್ಸೂ ಹೆಚ್ಚು. ಆರಿದ ರೀತಿ ಮಾತ್ರ ಒಂದೇ. ಮಂಗಳವನ್ನು ಸುತ್ತುವ ನೌಕೆ ಕಳಿಸಿದ ಚಿತ್ರಗಳಲ್ಲಿ, ಒಂದು ಕುಳಿಯ ಗೋಡೆಯ ಮೇಲೆ ಇಂಥ ಕಂಬಗಳಿರುವುದನ್ನು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮನುಷ್ಯ ಅಲ್ಲಿ ಇನ್ನೂ ಕಾಲಿಟ್ಟಿಲ್ಲ. ಆದರೂ ಅಲ್ಲಿ ಲಾವಾ ಹರಿದು ಆರಿತ್ತೆಂದು ಹೇಳಲು ಸಾಧ್ಯವಾಯಿತು.

ಇದೇ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಸರೋವರವಿದೆ, ಸುಮಾರು 1.8 ಕಿಲೋಮೀಟರ್ ಅಗಲದ ಗುಂಡನೆಯ ಕುಳಿ. ಅಗ್ನಿಪರ್ವತದ ಬಾಯಿಯೋ, ಆಕಾಶದಿಂದ ಬಿದ್ದ ಬಂಡೆಯ ಹೊಡೆತವೋ ಎಂದು ಬಹುಕಾಲ ವಾದ ನಡೆಯಿತು. ನೆಲ ಕೊರೆದು ತೆಗೆದ ಕಲ್ಲಿನಲ್ಲಿ, ಕರಗದೆಯೇ ಬರಿಯ ಹೊಡೆತದ ಒತ್ತಡಕ್ಕೆ ಗಾಜಾಗಿಹೋದ ಹರಳುಗಳು ಸಿಕ್ಕವೆಂದು 1973ರಲ್ಲಿ ಪ್ರಕಟವಾಯಿತು. ಅಗ್ನಿಪರ್ವತಕ್ಕೆ ಅಷ್ಟು ಒತ್ತಡ ಹುಟ್ಟಿಸುವ ಶಕ್ತಿಯಿಲ್ಲ. ಚಂದ್ರನ ಮೇಲೆ ಕಪ್ಪಾಗಿ ಕಾಣುವ ಬಯಲುಗಳೂ ಇದೇ ಜಾತಿಯ ಕರಿಗಲ್ಲಿನವು. ಆದುದರಿಂದ ಅಲ್ಲಿಯ ಕುಳಿಗಳನ್ನು ತಿಳಿಯಬೇಕೆನ್ನುವವರು ಲೋಣಾರಿಗೆ ಬರುತ್ತಾರೆ.

ಕುಳಿಗಳಿಂದ ನೆಲದ ವಯಸ್ಸನ್ನೂ ಹೇಳುತ್ತಾರೆ. ಈ ಲೆಕ್ಕ ಮಾಣಿಗಳಿಗೆ ಬೇಗ ಹತ್ತುತ್ತದೆ. ಮೇಜಿನ ಮೇಲೆ ಲೋಟದ ಗುರುತು ಹೆಚ್ಚಿದ್ದಷ್ಟೂ ಅದನ್ನು ಒರೆಸಿ ಹೆಚ್ಚು ಹೊತ್ತಾಗಿದೆ ಎಂದು ನಾವು ಹೇಳುವುದಿಲ್ಲವೇ? ಭೂಮಿಯಲ್ಲಿ ಮಳೆ, ಹೊಳೆ, ಗಾಳಿ ದಿನವೂ ಮೇಜು ಒರೆಸುತ್ತವೆ. ಚಂದ್ರನಲ್ಲಿ ಒರೆಸುವ ಹುಡುಗನಿಲ್ಲ. ಆದರೆ ಎಷ್ಟು ಗುರುತಿಗೆ ಎಷ್ಟು ಹೊತ್ತು? ಅದು 1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು ತಂದ 382 ಕಿಲೋ ಕಲ್ಲುಮಣ್ಣಿನ ವಯಸ್ಸು ಅಳೆದ ಮೇಲೆ ತಿಳಿಯಿತು. ಅದೇ ಲೆಕ್ಕವನ್ನು ತಿದ್ದಿ ಮಂಗಳಕ್ಕೂ ಬುಧಕ್ಕೂ ಹಚ್ಚುತ್ತಾರೆ.

ನಮ್ಮವರ ಚಂದ್ರಯಾನದ ಲ್ಯಾಂಡರನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿ ಚಂದ್ರನ ನೆಲದಂಥ ನೆಲ ಮಾಡಿದ್ದರು. ಅದರ ಮಣ್ಣು ತಮಿಳುನಾಡಿನ ನಾಮಕ್ಕಲ್ ಕಡೆಯ ಕಲ್ಲನ್ನು ಅರೆದು ಮಾಡಿದ್ದು. ಅರೆಯುವ ಕೆಲಸ ಯಾವ ಅಡುಗೆಮನೆಗೂ ಹೊಸದಲ್ಲ!

ಇನ್ನೊಂದು ಮಾತು ಹೇಳದೆ ಇರಲಾರೆವು. ಗಿಲ್ಬರ್ಟ್ ಹಿಲ್ಲಿನ ಸುತ್ತಲಿನ ಕಲ್ಲನ್ನು ಕ್ವಾರಿಯವರು ಒಡೆದು ಸಾಗಿಸಿದರು. ಒಡೆದ ಕೈ ಕೂಲಿಯವರದು. ನೀವು ಒಡೆಯುತ್ತಿರುವುದು ಆರೂವರೆ ಕೋಟಿ ವರ್ಷಗಳ ಪುಸ್ತಕ ಎಂದು ಅವರಿಗೆ ಹೇಳುವವರು ಯಾರಿದ್ದರು? ಕೂಲಿ ಕೊಟ್ಟರೆ ಸಾಕು, ತಿಳಿವಳಿಕೆ ಇವರಿಗೇಕೆ ಎಂಬ ಧಣಿಗಳ ಲೆಕ್ಕವನ್ನು ನಾವೂ ಒಪ್ಪಿಕೊಂಡರೆ ರಾತ್ರಿಶಾಲೆಯ ದೀಪಕ್ಕೆ ಖರ್ಚು ಮಾಡುವುದು ಏತಕ್ಕೆ?

ಬರುವ ರಜೆಯ ದಿನ ಅಂಧೇರಿಗೆ ಹೋಗೋಣ. ಮಧ್ಯಾಹ್ನದ ಪಾಳಿಯವರು ಹಿಂತಿರುಗಲು ಅನುಕೂಲವಾಗುವಂತೆ ಬೆಳಿಗ್ಗೆ ಏಳಕ್ಕೇ ಸ್ಟೇಷನ್ನಿನಲ್ಲಿ ಸೇರೋಣ. ಗುಡ್ಡದಿಂದ ಚೂರನ್ನೂ ಒಡೆದು ತರಬಾರದು, ಮುಟ್ಟಿ ನೋಡಿದರೆ ಸಾಕು. ಬರುವವರು ಈಗಲೇ ಹೆಸರು ಬರೆಸಿರಿ.