ಮಣ್ಣಿನ ಗುಣ, ಮನುಷ್ಯನ ಗುಣ

(ಮಠದ ಮಾಸಿಕ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ಮಾತುಗಾರನಲ್ಲ. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಎಂಜಿನಿಯರು. ಆದ್ದರಿಂದ ಕಾಲುವೆಯಿಂದಲೇ ಆರಂಭಿಸುತ್ತೇನೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಸಿದರೆ ಹಾಸು ಒಡೆಯುತ್ತದೆ. ಅದಕ್ಕಾಗಿ ನಾವು ಮಣ್ಣನ್ನು ಬೈಯುವುದಿಲ್ಲ. ಗುಣ ಪರೀಕ್ಷಿಸಿ, ನಡುವೆ ಉಬ್ಬದ ಗರಸಿನ ಪದರ ಕೊಟ್ಟು, ಆಮೇಲೆ ಹಾಸು ಹಾಕುತ್ತೇವೆ. ಮಣ್ಣಿನ ವಿಷಯದಲ್ಲಿ ಇಷ್ಟು ವಿವೇಕವಿದ್ದ ನಾನು ಮನುಷ್ಯರ ವಿಷಯದಲ್ಲಿ ಎಡವಿದೆ.

ನನ್ನ ಕೈಕೆಳಗೆ ಇಬ್ಬರು ಕಿರಿಯ ಎಂಜಿನಿಯರುಗಳಿದ್ದರು. ಒಬ್ಬ ಸಭೆಯಲ್ಲಿ ಅರಳು ಹುರಿದಂತೆ ಮಾತಾಡುವವನು. ಇನ್ನೊಬ್ಬ ಕೇಳಿದರೂ ಒಂದೇ ಮಾತಿನಲ್ಲಿ ಮುಗಿಸುವವನು. ಮೊದಲನೆಯವನು ಚುರುಕು, ಎರಡನೆಯವನು ಮಂದ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಗೋಪ್ಯ ವರದಿಯಲ್ಲೂ ಹಾಗೆಯೇ ಬರೆದೆ.

ಒಂದು ಹಿಂಗಾರಿನಲ್ಲಿ ಉಪಕಾಲುವೆಯ ಏರಿ ಒಡೆಯಿತು. ನಿಂತ ಜೋಳ ನೀರುಪಾಲಾಯಿತು. ಹಿರಿಯ ರೈತರೊಬ್ಬರು ಕೆಸರಲ್ಲೇ ಕುಳಿತು, “ಸಾಹೇಬ್ರ, ಮೊದಲ ಯಾರೂ ನೋಡಿರ್ಲಿಲ್ಲೇನ್ರಿ?” ಎಂದು ಕೇಳಿದರು. ಕಚೇರಿಗೆ ಬಂದು ಕಡತ ತೆರೆದೆ. ಆ ಮೌನಿ ಹುಡುಗ ನೋಡಿದ್ದ. ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ, ಅದು ಕದಡಿ ಬರುತ್ತಿದೆ ಎಂದು ಮೂರು ವಾರ ಮೊದಲೇ ಸ್ಥಳಸಮೇತ ಬರೆದಿಟ್ಟಿದ್ದ. ಕದಡಿದ ನೀರೆಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ. ಸಭೆಯಲ್ಲಿ ಇನ್ನೊಬ್ಬ “ಎಲ್ಲ ಸರಿಯಿದೆ ಸರ್” ಎಂದಿದ್ದ. ನಾನು ದನಿಯನ್ನು ನಂಬಿದೆ, ಬರಹವನ್ನು ಓದಲಿಲ್ಲ. ಆ ಹುಡುಗನ ಕ್ಷಮೆ ಕೇಳಿದೆ. “ಬರೆದಿದ್ದೆನಲ್ಲ ಸರ್” ಎಂದಷ್ಟೇ ಹೇಳಿದ.

ನಿವೃತ್ತಿಯ ನಂತರ ಮನೋವಿಜ್ಞಾನದ ಪುಸ್ತಕ ಹಿಡಿದೆ. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬಿಬ್ಬರು ನಿಘಂಟನ್ನು ಜಾಲಾಡಿ, ಮನುಷ್ಯರ ಸ್ವಭಾವ ಮತ್ತು ನಡೆಯನ್ನು ಬಣ್ಣಿಸುವ ಸುಮಾರು 18,000 ಇಂಗ್ಲಿಷ್ ಪದಗಳನ್ನು ಪಟ್ಟಿಮಾಡಿದರು. ಮುಂದಿನವರು ಅವನ್ನು ಸೋಸಿ, ಗಣಿತದಿಂದ ಗುಂಪು ಕಟ್ಟುತ್ತ ಬಂದರು. ಕೊನೆಗೆ ಐದು ಮುಖ್ಯ ಗುಣಗಳು ಉಳಿದವು: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಬಹಿರ್ಮುಖತೆ, ಹೊಂದಿಕೊಳ್ಳುವ ಸೌಹಾರ್ದ, ಬೇಗ ಕಳವಳಗೊಳ್ಳುವ ಸ್ವಭಾವ.

ಇವು ಪೆಟ್ಟಿಗೆಗಳಲ್ಲ, ಅಳತೆಪಟ್ಟಿಗಳು. ಕಾಲುವೆಯ ಗೇಜಿನಲ್ಲಿ ನೀರು ಇದೆ, ಇಲ್ಲ ಎಂದು ಬರೆಯುವುದಿಲ್ಲ. ಎಷ್ಟಿದೆ ಎಂದು ಬರೆಯುತ್ತೇವೆ. ಹಾಗೆಯೇ ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಒಂದು ಗುಣವನ್ನು ನೋಡಿ ಇನ್ನೊಂದನ್ನು ಊಹಿಸಲೂ ಬಾರದು. ನನ್ನ ತಪ್ಪು ಅದೇ. ಬಹಿರ್ಮುಖತೆ ಕಡಿಮೆಯಿದ್ದುದನ್ನು ಕಂಡು ಅಚ್ಚುಕಟ್ಟುತನವೂ ಇಲ್ಲವೆಂದುಕೊಂಡೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ವೇದಿಕೆಯಲ್ಲಿ ಹೇಳುವ ನಾವು, “ಅವನು ಮುಂಗೋಪಿ”, “ಅವಳು ಮೂಗಿ” ಎಂದು ಹಣೆಪಟ್ಟಿ ಹಚ್ಚಿದರೆ ಅದೂ ಒಂದು ಬಗೆಯ ಭೇದವೇ ಅಲ್ಲವೇ?

ಇನ್ನು ನನ್ನನ್ನು ನಾನು ಅರಿತ ಬಗೆ. ನನ್ನದು ನೇರ ನುಡಿ ಎಂದು ಹೆಮ್ಮೆಪಡುತ್ತಿದ್ದೆ. ಒಮ್ಮೆ ಮನೆಯವರನ್ನೇ ಕೇಳಿದೆ. “ನಿಮ್ಮ ನೇರ ಮಾತಿಗೆ ಅಂಜಿ ಮಕ್ಕಳು ಫೋನ್ ನನಗ ಮಾಡ್ತಾರ್ರಿ” ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಕಂಡವರನ್ನು ಕೇಳಬೇಕು.

ಹಾಗೆಂದು “ನನ್ನ ಸ್ವಭಾವವೇ ಹೀಗೆ” ಎಂದು ಕೈಚೆಲ್ಲುವಂತಿಲ್ಲ. ಎರೆಮಣ್ಣು ಗರಸಾಗುವುದಿಲ್ಲ ನಿಜ, ಆದರೆ ನಡುವೆ ಪದರ ಕೊಡಬಹುದು. ಸಿಟ್ಟು ಬಂದಾಗ ಉತ್ತರಿಸುವ ಮೊದಲು ಒಂದು ಲೋಟ ನೀರು ಕುಡಿಯುವುದೇ ನನ್ನ ಪದರ. ಈಗ ಮಗ ನನಗೂ ಫೋನ್ ಮಾಡುತ್ತಾನೆ.

ಬಂಧುಗಳೇ, ಇಂದು ಮನೆಗೆ ಹೋದ ಮೇಲೆ ನಿಮ್ಮವರಲ್ಲಿ ಮೂವರನ್ನು ಕೇಳಿ: ನನ್ನ ಯಾವ ಗುಣ ನಿಮಗೆ ನೆರವಾಗಿದೆ, ಯಾವುದು ನೋಯಿಸಿದೆ? ಉತ್ತರಕ್ಕೆ ವಾದ ಹೂಡಬೇಡಿ, ಬರೆದಿಟ್ಟುಕೊಳ್ಳಿ. ಮತ್ತು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತವರನ್ನು ಒಮ್ಮೆ ಮಾತಾಡಿಸಿ. ಏರಿ ಎಲ್ಲಿ ಜಿನುಗುತ್ತಿದೆ ಎಂಬುದು ಅವರಿಗೆ ಗೊತ್ತಿರಬಹುದು.