ಹದಿಹರೆಯದ ತರಗತಿಯಲ್ಲಿ ವೈದ್ಯವಿದ್ಯಾರ್ಥಿಗಳು



ಹದಿಹರೆಯದ ಮಕ್ಕಳಿಗೆ ದೇಹಧರ್ಮವನ್ನು ತಿಳಿಸತಕ್ಕವರು ಯಾರೆಂದು ಕೇಳಿದರೆ, ತಂದೆತಾಯಿಗಳು ಉಪಾಧ್ಯಾಯರ ಕಡೆಗೂ ಉಪಾಧ್ಯಾಯರು ವೈದ್ಯರ ಕಡೆಗೂ ಬೆರಳು ತೋರಿಸಿ ಸುಮ್ಮನಾಗುವ ಪರಿಪಾಠವು ನಮ್ಮಲ್ಲಿ ಮಾತ್ರ ಇರುವುದಲ್ಲ. ಗರ್ಭನಿರೋಧಕ್ಕೆ 1967ರಲ್ಲಷ್ಟೇ ಶಾಸನದ ಸಮ್ಮತಿಯಿತ್ತ ಫ್ರಾನ್ಸ್ ದೇಶವು, ವಿದ್ಯಾಶಾಲೆಗಳಲ್ಲಿ ವರ್ಷಕ್ಕೆ ಮೂರು ಬಾರಿಯಾದರೂ ಲೈಂಗಿಕ ಶಿಕ್ಷಣ ನಡೆಯತಕ್ಕದ್ದೆಂದು 2001ರಲ್ಲಿ ವಿಧಿಸಿತಾದರೂ, ತರಬೇತಿ ಪಡೆದವರ ಅಭಾವವೂ ಸಂಕೋಚವೂ ಸೇರಿ, ಆ ವಿಧಿಯು ಬಹುಪಾಲು ಕಾಗದದ ಮೇಲೆಯೇ ಉಳಿಯಿತು.

2018ರಲ್ಲಿ ಅಲ್ಲಿನ ಸರ್ಕಾರವು ವೈದ್ಯ, ದಂತವೈದ್ಯ, ಔಷಧಶಾಸ್ತ್ರ, ಶುಶ್ರೂಷೆ, ಪ್ರಸೂತಿವಿದ್ಯೆ ಮೊದಲಾದವನ್ನು ಅಭ್ಯಸಿಸುವ ಸುಮಾರು 47,000 ವಿದ್ಯಾರ್ಥಿಗಳಿಗೆ 'ಆರೋಗ್ಯ ಸೇವೆ'ಯನ್ನು, ಎಂದರೆ ಶಾಲೆ ಮೊದಲಾದೆಡೆಗಳಿಗೆ ಹೋಗಿ ಆರೋಗ್ಯದ ವಿಷಯ ತಿಳಿಸುವ ಕೆಲಸವನ್ನು, ಕಡ್ಡಾಯಗೊಳಿಸಿತು. ಸಿದ್ಧತೆಯೂ ಸೇರಿ ಆರು ವಾರಗಳಷ್ಟಾಗುವ ಈ ಸೇವೆಯ ವಿಷಯಗಳು ಆಹಾರ, ವ್ಯಾಯಾಮ, ವ್ಯಸನ ಮತ್ತು ಲೈಂಗಿಕ ಆರೋಗ್ಯ. ಕಡೆಯದೇ ಕಠಿನವಾದುದು; ಆದಕಾರಣವೇ ನನಗೆ ಅದರಲ್ಲಿ ಆಸಕ್ತಿ.

ಇಂತಹ ತರಗತಿಗಳಲ್ಲಿ ಮೊದಲು ಒಂದು ಪೆಟ್ಟಿಗೆಯನ್ನು ಇಡುವ ವಾಡಿಕೆಯುಂಟು. ಹೆಸರು ಬರೆಯದ ಚೀಟಿಗಳು ಅದರೊಳಗೆ ಬೀಳುತ್ತವೆ. ಮುಟ್ಟು ತಪ್ಪಿದರೆ ಬಸಿರೇ ಸರಿಯೆ, ತನ್ನ ಅಂಗ ಇತರರದ್ದರಂತೆಯೇ ಇದೆಯೆ, ಒಲ್ಲೆನೆಂದರೆ ಗೆಳೆಯನು ಬಿಟ್ಟುಹೋಗುವನೆ ಎಂಬಂಥ ಪ್ರಶ್ನೆಗಳನ್ನು, ತಮಗಿಂತ ಆರೇಳು ವರ್ಷವಷ್ಟೇ ಹಿರಿಯರಾದವರು ನಗದೆ, ಹುಬ್ಬುಗಂಟಿಕ್ಕದೆ ಓದಿ ಉತ್ತರಿಸುವಾಗ, ಇಂಥ ಮಾತನ್ನು ಆಡಬಹುದು ಎಂಬ ಧೈರ್ಯ ಮಕ್ಕಳಿಗೆ ಮೂಡುತ್ತದೆ. ಬಳಿಕ ಕಾಂಡೋಮಿನ ಪೊಟ್ಟಣದ ಮೇಲೆ ಅವಧಿಯ ದಿನಾಂಕವನ್ನು ನೋಡಬೇಕು, ಅದನ್ನು ಹಲ್ಲಿನಿಂದ ಹರಿಯಬಾರದು ಎಂಬಷ್ಟು ಸಣ್ಣ ವಿವರಕ್ಕೂ ಇಳಿಯಬೇಕಾಗುತ್ತದೆ. ಇಲ್ಲಿ ಕಲಿಯುವವರು ಮಕ್ಕಳಷ್ಟೇ ಎನ್ನಲಾಗದು. ಅಂಗರಚನೆಯನ್ನು ಲ್ಯಾಟಿನ್ ನಾಮಗಳಲ್ಲಿ ಒಪ್ಪಿಸಬಲ್ಲ ಭಾವೀ ವೈದ್ಯನಿಗೆ ಅದನ್ನೇ ಮನೆಮಾತಿನಲ್ಲಿ ಹೇಳಲು ನಾಲಗೆ ತೊಡರುವುದುಂಟು. (ಪರೀಕ್ಷಕರು ಇದನ್ನೂ ಪರೀಕ್ಷಿಸುವುದು ಮೇಲು!)

ಆದರೆ ಈ ವ್ಯವಸ್ಥೆಯ ನ್ಯೂನತೆಯನ್ನು ಮರೆಮಾಚಲಾಗದು: ವಿದ್ಯಾರ್ಥಿಯು ಬರುತ್ತಾನೆ, ಹೋಗುತ್ತಾನೆ. ಚೀಟಿಯಲ್ಲಿ ದೌರ್ಜನ್ಯದ ಸುಳಿವು ದೊರೆತರೆ ಮುಂದೇನು? ನಮ್ಮ ದೇಶದಲ್ಲಂತೂ 2012ರ ಪೋಕ್ಸೊ ಕಾಯಿದೆಯು, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ತಿಳಿದವರು ಪೊಲೀಸರಿಗೆ ತಿಳಿಸತಕ್ಕದ್ದೆಂದು ವಿಧಿಸುತ್ತದೆ. ಆ ಹೊಣೆಯನ್ನು ಅರಿಯದ ಯುವಕನನ್ನು ಬರಿಯ ಉತ್ಸಾಹದ ಬಲದಿಂದ ತರಗತಿಗೆ ಕಳುಹಿಸುವುದು ವಿವೇಕವಲ್ಲ.

ನಮ್ಮಲ್ಲಿ ಇದಕ್ಕೆ ನೆಲ ಹದವಾಗಿಲ್ಲವೆನ್ನುವಂತಿಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನರು ಹದಿಹರೆಯದ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಎಂಬ ಪುಸ್ತಕವನ್ನು ಕನ್ನಡದಲ್ಲಿಯೇ ಬರೆದರು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳುಂಟು. ನರ್ಸಿಂಗ್ ವಿದ್ಯಾರ್ಥಿಗಳು ಆರೋಗ್ಯ ಶಿಕ್ಷಣಕ್ಕೆಂದು ಶಾಲೆಗಳಿಗೆ ಹೋಗುವುದೂ ಹೊಸತಲ್ಲ. ಕೈತೊಳೆಯುವ ವಿಧಾನವನ್ನು ಹೇಳಿ ಹಿಂದಿರುಗುವ ಆ ತರುಣ ತರುಣಿಯರಿಗೆ ತಕ್ಕ ತರಬೇತಿಯಿತ್ತು, ಅವರು ಹೋದ ಮೇಲೂ ಊರಿನಲ್ಲಿಯೇ ಉಳಿಯುವ ಆಪ್ತಸಮಾಲೋಚಕರೊಡನೆ ಅವರನ್ನು ಜೋಡಿಸಬೇಕೆಂದು, ಈ ಸಭೆಯಲ್ಲಿರುವ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರನ್ನೂ ಶಾಲೆಗಳ ಮುಖ್ಯೋಪಾಧ್ಯಾಯರನ್ನೂ ನಾನು ಪ್ರಾರ್ಥಿಸುತ್ತೇನೆ.