ಚಳಿ ಬರದ ಊರಿಗೆ ಬಿರುಗಾಳಿ ಬರುತ್ತೆ

(ಮಸ್ಕತ್‌ನಲ್ಲಿ ನಡೆದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ಹವಾಮಾನದ ಬಗ್ಗೆ ಮಾತಾಡ್ತೀನಿ ಅಂದಾಗ ಕಮಿಟಿಯವರು ನಕ್ಕರು. "ಮಸ್ಕತ್‌ನಲ್ಲಿ ಹವಾಮಾನ ಎಲ್ಲಿದೆ ಸಾರ್? ಬಿಸಿಲು, ಜಾಸ್ತಿ ಬಿಸಿಲು, ಎರಡೇ" ಅಂದರು. ನಾವೆಲ್ಲ ಹಾಗೇ ಅಂದುಕೊಂಡಿದ್ದೀವಿ. ಇವತ್ತು ಅದನ್ನೇ ಸ್ವಲ್ಪ ಜಗಳ ಮಾಡೋಣ ಅಂತ.

ನಾನು ಹಾಸನದ ಕಡೆಯವನು. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಮಾತಾಡಿದರೆ ಬಾಯಿಂದ ಹೊಗೆ. ಹಂಡೆ ಒಲೆಯ ಮುಂದೆ ಜಾಗಕ್ಕೆ ಜಗಳ. ಅವರೆಕಾಯಿ ಸೊಗಡು ಬೆರಳಿಗೆ ಅಂಟಿದರೆ ಸಂಜೆವರೆಗೂ ಹೋಗಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ಅಂತಾರೆ. ಇಲ್ಲಿ ಹೋಗಬೇಕಾದರೆ ಮೊದಲು ಬರಬೇಕಲ್ಲ! ಮಂಗಳೂರು, ಉಡುಪಿ, ಭಟ್ಕಳದ ಗೆಳೆಯರಿಗೆ ಈ ಸಂಕಟ ಅಷ್ಟಿಲ್ಲ. ಅವರಿಗೆ ಚಳಿಗಾಲ ಅಂದ್ರೆ ಫ್ಯಾನು ನಾಲ್ಕರಿಂದ ಎರಡಕ್ಕೆ ಇಳಿಸೋದು.

ಜೆಬೆಲ್ ಅಖ್ದರ್ ಮೇಲೆ ಚಳಿ ಇದೆ, ನಿಜ. ಆದರೆ ಅಲ್ಲಿಗೆ ಫೋರ್ ವ್ಹೀಲ್ ಡ್ರೈವ್ ಬೇಕು, ರಜೆ ಬೇಕು. ಕೆಳಗೆ ಕರಾವಳಿಯಲ್ಲಿ ಏನಿದೆ? 2018ರ ಜೂನ್ 26ರಂದು ಖುರಯ್ಯಾತ್‌ನಲ್ಲಿ ಹಗಲು ರಾತ್ರಿ ಸೇರಿ ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ.

ಚಳಿ ಹೋದರೆ ಬರೀ ಚಳಿ ಹೋಗಲ್ಲ, ವರ್ಷದ ಲೆಕ್ಕವೂ ಹೋಗುತ್ತೆ. ವೀಸಾ ರಿನ್ಯೂವಲ್‌ನಿಂದ ರಿನ್ಯೂವಲ್‌ಗೆ ವರ್ಷ ಎಣಿಸ್ತೀವಿ. ಈ ಊರಿಗೂ ತನ್ನದೇ ಕಾಲಗಳಿವೆ ಅನ್ನೋದು ಕಣ್ಣಿಗೆ ಬೀಳೋದೇ ಇಲ್ಲ. ಇಲ್ಲಿ ಬಿರುಗಾಳಿಯ ಕಾಲ ವರ್ಷಕ್ಕೆ ಎರಡು: ಮೇ-ಜೂನ್ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ನಡುವೆ ಮುಂಗಾರು ಜೋರಾಗಿದ್ದಾಗ ಮೇಲಿನ ಗಾಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆಯೋದರಿಂದ ಸುಳಿ ಕಟ್ಟೋದು ಕಷ್ಟ. ಗಾಳಿ ಸಡಿಲವಾಗಿ ಸಮುದ್ರ ಕಾದಿರೋವಾಗ ಕಟ್ಟುತ್ತೆ.

2007ರ ಜೂನ್‌ನಲ್ಲಿ ಗೋನು ಬಂದಾಗ ನಾನು ಇಲ್ಲೇ ಇದ್ದೆ. ಖುರಂ ಮುಳುಗಿತು. ಸತ್ತವರು ಸುಮಾರು ಐವತ್ತು ಜನ. ಮಳೆ ನಿಂತ ಮೇಲೆ ಕಾಡಿದ್ದು ಕುಡಿಯೋ ನೀರು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳು ನಿಂತಿದ್ದವು. ಸುತ್ತ ಎಲ್ಲೆಲ್ಲೂ ನೀರು, ನಾವು ಬಕೆಟ್ ಹಿಡಿದು ಟ್ಯಾಂಕರ್ ಮುಂದೆ!

2021ರ ಶಾಹೀನ್ ನಿಮಗೆಲ್ಲ ನೆನಪಿರುತ್ತೆ. ಅದು ಮೊದಲು ಬಂಗಾಳ ಕೊಲ್ಲಿಯಲ್ಲಿ ಗುಲಾಬ್ ಅನ್ನೋ ಹೆಸರಲ್ಲಿ ಹುಟ್ಟಿ, ಆಂಧ್ರಕ್ಕೆ ಬಡಿದು, ಇಂಡಿಯಾ ದಾಟಿ, ಅರಬ್ಬೀ ಸಮುದ್ರದಲ್ಲಿ ಹೊಸ ಹೆಸರು ಪಡೆದು ಇಲ್ಲಿಗೆ ಬಂತು. ನಮ್ಮ ಹಾಗೇ ವಲಸೆ ಗಿರಾಕಿ. ಅಕ್ಟೋಬರ್ 3ರಂದು ಬಾತಿನಾ ತೀರಕ್ಕೆ ಬಡಿಯಿತು. ಮಸ್ಕತ್‌ನಲ್ಲಿ ವರ್ಷವಿಡೀ ಬೀಳೋ ಮಳೆ ಸುಮಾರು 100 ಮಿಲಿಮೀಟರ್. ಖಾಬೂರದಲ್ಲಿ ಒಂದೇ ದಿನದಲ್ಲಿ 300ಕ್ಕೂ ಮೇಲೆ. ರುಸೈಲ್ ಕೈಗಾರಿಕಾ ಪ್ರದೇಶದಲ್ಲಿ ಬೆಟ್ಟ ಕುಸಿದು, ವಸತಿಯಲ್ಲಿದ್ದ ಇಬ್ಬರು ಏಷ್ಯಾದ ಕಾರ್ಮಿಕರು ಸತ್ತರು. ಸುದ್ದಿಯಲ್ಲಿ ಅಷ್ಟೇ ಬಂತು, "ಏಷ್ಯಾದವರು". ಯಾವ ಊರಿನವರೋ, ಮನೆಯಲ್ಲಿ ಯಾರ್ಯಾರಿದ್ದರೋ.

ನಮ್ಮಲ್ಲಿ ಎಷ್ಟು ಜನರ ಕ್ಯಾಂಪು ಬೆಟ್ಟದ ಬುಡದಲ್ಲಿದೆ? ವಾದಿಯ ದಂಡೆಯಲ್ಲಿದೆ? ವಾದಿ ಅಂದ್ರೆ ಹೊಸಬರಿಗೆ ಒಣ ಕಲ್ಲುಗಂಡಿ, ಅಷ್ಟೇ. ತಲೆ ಮೇಲೆ ಒಂದು ಹನಿ ಇರಲ್ಲ, ದೂರದ ಬೆಟ್ಟದಲ್ಲಿ ಸುರಿದ ಮಳೆ ಗೋಡೆ ಥರ ಇಳಿದು ಬರುತ್ತೆ. ಮೊಳಕಾಲಷ್ಟು ನೀರು ಸಾಕು, ಪಿಕಪ್ ತೇಲೋಕೆ. ಡ್ರೈವರ್ ಗೆಳೆಯರಿಗೆ ಕೈಮುಗಿದು ಹೇಳ್ತೀನಿ: "ದಾಟು, ಲೇಟಾಗುತ್ತೆ" ಅಂತ ಸೂಪರ್‌ವೈಸರ್ ಫೋನಲ್ಲಿ ಹೇಳ್ತಾನೆ. ಅವನು ಎಸಿ ರೂಮಲ್ಲಿರ್ತಾನೆ. ಹರಿಯೋ ವಾದಿ ದಾಟೋದು ಈ ದೇಶದ ಕಾನೂನಿನಲ್ಲೇ ಅಪರಾಧ, ಆ ಮಾತನ್ನೇ ಅವನಿಗೆ ಹೇಳಿ. ಕೆಲಸ ಹೋಗುತ್ತೆ ಅನ್ನೋ ಭಯ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಗಾಡಿ ನಿಲ್ಲಿಸಿ.

ಇನ್ನೊಂದು ಮಾತು. 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿಗೆ ಹೊಡೆದಾಗ ನಾವು ಇಲ್ಲಿಂದ ಫೋನ್ ಮಾಡಿದ್ವಿ. "ಏನಿಲ್ಲ, ಸ್ವಲ್ಪ ಗಾಳಿ" ಅಂದರು. ಅಕ್ಟೋಬರ್‌ನಲ್ಲಿ ಅವರು ಮಾಡಿದರು. "ಏನಿಲ್ಲ, ಸ್ವಲ್ಪ ಮಳೆ" ಅಂದ್ವಿ. ಒಂದೇ ಸಮುದ್ರದ ಎರಡು ದಂಡೆಯಲ್ಲಿ ಕೂತು ಒಂದೇ ಸುಳ್ಳು. ಪ್ರೀತಿಯ ಸುಳ್ಳೇ, ಬೇಡ ಅನ್ನಲ್ಲ. ಆದರೆ ಫೋನು ಸತ್ತು ಮೂರು ದಿನ ಸಿಗದಿದ್ದರೆ ಆ ತಾಯಿ ಯಾರನ್ನ ಕೇಳಬೇಕು? ನಿಮ್ಮ ರೂಮಿನವನ ನಂಬರ್ ಅವರ ಹತ್ತಿರ ಇದೆಯಾ?

ಅದಕ್ಕೇ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಹೆಸರು, ಕ್ಯಾಂಪು ಎಲ್ಲಿದೆ, ಊರಿನ ಮನೆಯ ಒಂದು ನಂಬರ್, ಪಕ್ಕದ ಮಂಚದವನ ಒಂದು ನಂಬರ್. ಪಾಸ್‌ಪೋರ್ಟ್, ರೆಸಿಡೆಂಟ್ ಕಾರ್ಡಿನ ಫೋಟೋ ತೆಗೆದು ಮನೆಗೂ ಒಂದು ಕಳಿಸಿಡಿ. ಪೊಲೀಸರ 9999 ಎಲ್ಲರಿಗೂ ಗೊತ್ತು ಅಂದ್ಕೋತೀನಿ. ನೋಟ್‌ಬುಕ್‌ನಲ್ಲಿ ಊಟಕ್ಕೆ ಮುಂಚೆ ಬರೆದುಬಿಡಿ. ಊಟ ಆದಮೇಲೆ ಯಾರೂ ಬರೆಯಲ್ಲ, ನಮ್ಮ ಜನ ನನಗೆ ಗೊತ್ತು.